ಒಂದೇ ಸ್ಟಾರು ಕೊಡುವ ಅಭಿಮಾನಿಗಳು

ಜೂನ್ ೧೨, ಗುರುವಾರ. ಜಕ್ಕೂರು.

ಸಮಸ್ತ ಲೋಕಕ್ಕೆ ತಿಳಿಯಪಡಿಸುವುದೇನೆಂದರೆ, ನನ್ನ ‘ನೀರ್ ಬಂತು’ ಆ್ಯಪಿಗೆ ಇಂದು ಒಂಬತ್ತನೆಯ ವಿಮರ್ಶೆ ಬಂದಿದೆ. ಹಿಂದಿನ ಎಂಟರಂತೆ ಇದಕ್ಕೂ ಒಂದೇ ಸ್ಟಾರು. ಜೊತೆಗೆ ‘ವೇಸ್ಟು, ಹಾಕ್ಕೋಬೇಡಿ’ ಎಂಬ ಹಿತವಚನ. ಬರೆದವರು ಪಕ್ಕದ ಮನೆಯ ಮುನಿಕೃಷ್ಣಮ್ಮ.

ಬೀದಿಗೆ ನೀರು ಬಿಟ್ಟ ಕೂಡಲೇ ಫೋನಿಗೆ ತಿಳಿಸುವುದಷ್ಟೇ ಆ್ಯಪಿನ ಕೆಲಸ. ಅವರು ಅದನ್ನು ತಪ್ಪದೆ ಬಳಸುತ್ತಾರೆ. ಮತ್ತೇಕೆ ಈ ಶಾಪ? ಸಂಜೆ ಕಾಂಪೌಂಡಿನ ಈಚೆಯಿಂದಲೇ ಕೇಳಿದೆ.

“ಅಯ್ಯೋ, ಬೋ ಚೆನ್ನಾಗೈತೆ ಕಣಪ್ಪಾ! ಅದ್ಕೇ ಅಂಗ್ ಬರ್ದಿದ್ದು. ಬೀದಿಯೋರೆಲ್ಲ ಆಕ್ಕೊಂಡು ಒಟ್ಗೆ ಮೋಟರ್ ಆನ್ ಮಾಡುದ್ರೆ ನಮ್ ಸಂಪಿಗೆ ನೀರ್ ಎಲ್ಲಿಂದ ಬತ್ತದೆ? ನೀನೂ ಯಾರ್ಗೂ ಏಳ್ಬೇಡ.”

ಹಾಗಾದರೆ ಉಳಿದ ಎಂಟು ಬೈಗುಳಗಳೂ ಮೆಚ್ಚುಗೆಯೇ? ಹಾಲಿನ ಬೂತಿಗೆ ಅಂಟಿಸಿದ್ದ ನನ್ನ ಪೋಸ್ಟರನ್ನು ಹರಿದವರೂ ಅಭಿಮಾನಿಗಳೇ ಇರಬೇಕು. ಆ್ಯಪು ಕೆಟ್ಟದಾಗಿದ್ದರೆ ಯಾರೂ ಹಾಕಿಕೊಳ್ಳುವುದಿಲ್ಲ; ಚೆನ್ನಾಗಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಇನ್ನು ಪ್ರಚಾರ ಮಾಡುವುದಾದರೂ ಏನನ್ನು?

ಬಳಕೆದಾರರು ಈ ತಿಂಗಳು ಸಾವಿರ ಮುಟ್ಟದಿದ್ದರೆ ಆ್ಯಪು ಮುಚ್ಚಿ ಹಳೇ ಆಫೀಸಿಗೆ ವಾಪಸಾಗುತ್ತೇನೆಂದು ಹೆಂಡತಿ ಸಂಯುಕ್ತಾಳಿಗೆ ಮಾತು ಕೊಟ್ಟಿದ್ದೇನೆ. ಈಗಿರುವವರು ಇನ್ನೂರು. ನೀನಾದರೂ ನಾಲ್ಕು ಜನಕ್ಕೆ ಹೇಳಿದೆಯಾ ಎಂದು ಕೇಳಿದೆ.

“ಹೇಳಿದೀನಿ ಕಣ್ರೀ. ಯಶವಂತಪುರದಲ್ಲಿರೋರಿಗೆಲ್ಲ ಹೇಳಿದೀನಿ.”

ಆ್ಯಪು ನಡೆಯುವುದು ಜಕ್ಕೂರಿನಲ್ಲಿ ಮಾತ್ರ. ಅದು ಅವಳಿಗೂ ಗೊತ್ತು.

ಅವಳ ಮೇಲೆ ಕೋಪ ಮಾಡಿಕೊಳ್ಳಬೇಕೋ, ನಮ್ಮ ಸಂಪು ತುಂಬಿದೆಯೆಂದು ಸಮಾಧಾನಪಡಬೇಕೋ ತಿಳಿಯುತ್ತಿಲ್ಲ. ಕಣ್ಣು ಎಳೆಯುತ್ತಿದೆ. ಈ ಡೈರಿಯನ್ನು ಕದ್ದು ಓದುವ ಸಂಯುಕ್ತಾ, ಬೆಳಿಗ್ಗೆ ಫೋನು ಗುಂಯ್ ಎಂದರೆ ನನ್ನನ್ನು ಎಬ್ಬಿಸಬೇಡ. ಮೋಟರ್ ಹಾಕಿಬಿಡು, ಮುನಿಕೃಷ್ಣಮ್ಮನವರಿಗಿಂತ ಮುಂಚೆ.