ನಕ್ಷೆಯಲ್ಲಿಲ್ಲದ ಕೋಣೆಗೂ ಹೊಗೆ ನುಗ್ಗುತ್ತದೆ

ಬಾಡಿಗೆ ಮನೆಗಳ ಅಗ್ನಿ ಸುರಕ್ಷತೆಯನ್ನು ಪರಿಶೀಲಿಸುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ,

ಮಾನ್ಯರೇ, ಸುರಕ್ಷಿತವೆಂದು ತಾವು ಪ್ರಮಾಣಪತ್ರ ಕೊಟ್ಟ ವಿದ್ಯಾರ್ಥಿಗಳ ಮನೆಗೆ ಕಳೆದ ತಿಂಗಳು ಬೆಂಕಿ ಬಿತ್ತು. ಎಲ್ಲರೂ ಪಾರಾದರೆಂದು ತಮ್ಮ ಇಲಾಖೆ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿತು. ಹಾಗೆ ತಟ್ಟಿಕೊಳ್ಳುವ ಹೊತ್ತಿಗೆ ನಾನಿನ್ನೂ ಒಳಗಿದ್ದೆ. ತಮ್ಮ ಸಂತೋಷಕ್ಕೆ ಅಡ್ಡಿಪಡಿಸಿದ್ದಕ್ಕೆ ಕ್ಷಮೆಯಿರಲಿ.

ನಾನಿರುವುದು ಅಡುಗೆಮನೆಯ ಹಿಂದೆ. ಮಾಲೀಕರು ಸಾಮಾನು ಕೋಣೆಯೊಳಗೆ ಮಡಚುವ ಮಂಚವೊಂದನ್ನು ತುರುಕಿ ಅದಕ್ಕೆ ‘ಸಿಂಗಲ್ ರೂಮ್’ ಎಂದು ಹೆಸರಿಟ್ಟಿದ್ದಾರೆ. ಕಿಟಕಿಯೇನೋ ಇದೆ; ಎಂದೋ ಬಣ್ಣ ಬಳಿದಾಗ ಚೌಕಟ್ಟಿಗೆ ಅಂಟಿಕೊಂಡದ್ದು ಇನ್ನೂ ಬಿಟ್ಟುಕೊಂಡಿಲ್ಲ. ಹೊಗೆಯ ಅಲಾರಂ ಇಲ್ಲ. ಯಾಕಿರಬೇಕು? ತಮ್ಮ ನಕ್ಷೆಯ ಪ್ರಕಾರ ಅಲ್ಲಿ ವಾಸವಿರುವುದು ಪೊರಕೆ ಮತ್ತು ಬಕೆಟ್ಟುಗಳು.

ಪರಿಶೀಲನೆಗೆ ಬಂದ ಅಧಿಕಾರಿಗಳಿಗೆ ಮಂಚ ಕಾಣಲಿಲ್ಲವೇ ಎಂದು ಓದುಗರು ಕೇಳಬಹುದು. ಹೇಗೆ ಕಂಡೀತು? ತಾವು ಶಿಷ್ಟಾಚಾರ ಬಲ್ಲವರು, ಬರುವ ಮುನ್ನ ಮಾಲೀಕರಿಗೆ ಫೋನ್ ಮಾಡುತ್ತೀರಿ. ಮಾಲೀಕರು ನನ್ನ ಬಾಗಿಲಿಗೆ ಬಂದರು. “ನಾಳೆ ಸಾಹೇಬ್ರು ಬರ್ತಾರಮ್ಮ. ಮಂಚ ಮಡಚಿ ಗೋಡೆಗೆ ಒರಗಿಸಿ, ಮುಂದೆ ನಾಲ್ಕು ಬಕೆಟ್ ಇಟ್ಬಿಡು. ಸಂಜೆವರೆಗೂ ಎಲ್ಲಾದ್ರೂ ಸುತ್ತಾಡ್ಕೊಂಡು ಬಾ.” ಮರುದಿನ ನಾನು ಗ್ರಂಥಾಲಯದಲ್ಲಿ ಕುಳಿತಿದ್ದೆ. ನಾನಿಲ್ಲದ ಮನೆಗೆ ತಾವು ಪ್ರಮಾಣಪತ್ರ ಕೊಟ್ಟಿರಿ.

ಮನೆಯಲ್ಲಿ ಇನ್ನೂ ಆರು ಜನ ವಿದ್ಯಾರ್ಥಿಗಳಿದ್ದರು. ಕೆಟ್ಟವರಲ್ಲ. ಆದರೆ ಒಬ್ಬೊಬ್ಬರದು ಒಂದೊಂದು ವೇಳೆ, ಒಂದೊಂದು ಬೀಗ, ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ನಾನೋ ಬೆಳಗಾಗುವ ಮೊದಲೇ ಬ್ರೆಡ್ ಕಾರ್ಖಾನೆಗೆ ಕೆಲಸಕ್ಕೆ ಹೋಗಿ, ಅಲ್ಲಿಂದಲೇ ಕಾಲೇಜಿಗೆ ಓಡುವವಳು. ಅವರನ್ನು ನಾನು ಗುರುತಿಟ್ಟುಕೊಂಡದ್ದು ಫ್ರಿಜ್ಜಿನಿಂದ: ಮೇಲಿನ ಅರೆ ಮೊಟ್ಟೆಯವನದು, ಅದರ ಕೆಳಗಿನದು ಚೀಸಿನವಳದು, ಬಾಗಿಲಿನದು ಜ್ಯೂಸಿನವನದು. ನನಗೆ ಅರೆ ಸಿಗಲಿಲ್ಲ, ಹಾಗಾಗಿ ಯಾರ ಬಾಯಲ್ಲೂ ನನಗೊಂದು ಅಡ್ಡಹೆಸರೂ ಹುಟ್ಟಲಿಲ್ಲ. ಅಮ್ಮ ಮಾತ್ರ ಫೋನ್ ಮಾಡಿದಾಗಲೆಲ್ಲ ಹೇಳುತ್ತಾಳೆ, “ಸದ್ಯ, ಅಷ್ಟು ಜನ ಇರೋ ಮನೆ ಸಿಕ್ತಲ್ಲ. ನೀನು ಒಂಟಿ ಅಲ್ಲ ಅನ್ನೋ ಧೈರ್ಯಕ್ಕೇ ನನಗೆ ನಿದ್ದೆ ಬರೋದು.” ನಾನು ಹೂಂ ಎನ್ನುತ್ತೇನೆ. ಅವಳ ನಿದ್ದೆಯನ್ನು ಯಾಕೆ ಕೆಡಿಸಲಿ?

ಬೆಂಕಿ ಬಿದ್ದ ಆ ಭಾನುವಾರ ಮಧ್ಯಾಹ್ನ ಕೆಲಸ ಮುಗಿಸಿ ಬಂದು ಮಲಗಿದ್ದೆ. ಹಾಲ್‌ನ ಸೋಫಾ ಹಿಂದೆ ಯಾರೋ ಚಾರ್ಜಿಗಿಟ್ಟ ಸ್ಕೂಟರ್ ಬ್ಯಾಟರಿ ಹೊತ್ತಿಕೊಂಡಿತು. ಅಲ್ಲಿನ ಅಲಾರಂ ಬಡಿದುಕೊಂಡಿತಂತೆ. ಎರಡು ಮುಚ್ಚಿದ ಬಾಗಿಲು ದಾಟಿ ಆ ಸದ್ದು ನನ್ನವರೆಗೆ ಬರಲಿಲ್ಲ. ಬಂದದ್ದು ಹೊಗೆ. ಕೆಮ್ಮುತ್ತಲೇ ಎದ್ದು ಕಿಟಕಿಯನ್ನು ಎಳೆದೆ, ಗುದ್ದಿದೆ. ಜಪ್ಪಯ್ಯ ಎಂದರೂ ಅದು ತೆರೆಯಲಿಲ್ಲ. ಟವೆಲ್ ಒದ್ದೆ ಮಾಡಿ ಮೂಗಿಗೆ ಒತ್ತಿಕೊಂಡು, ನೆಲದ ಮೇಲೆ ತೆವಳುತ್ತ, ಗೋಡೆ ತಡವುತ್ತ ಹೇಗೋ ಮುಂಬಾಗಿಲು ಸೇರಿದೆ. ಬಲ ಅಂಗೈ ಸುಟ್ಟಿತ್ತು.

ಹೊರಗೆ ಆರು ಜನವೂ ಎದುರು ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಅಗ್ನಿಶಾಮಕದವರು ಪೈಪು ಬಿಚ್ಚುತ್ತ “ಒಳಗೆ ಇನ್ಯಾರಾದ್ರೂ ಇದಾರಾ?” ಎಂದು ಕೇಳಿದ್ದರಂತೆ. “ಇಲ್ಲ, ಎಲ್ಲರೂ ಬಂದ್ವಿ” ಎಂದು ಇವರು ಹೇಳಿದ್ದರಂತೆ. ಸುಳ್ಳೇನಲ್ಲ, ಅವರಿಗೆ ಗೊತ್ತಿದ್ದವರೆಲ್ಲ ಬಂದಿದ್ದರು. ಚೀಸಿನವಳು ನನ್ನ ಕೈಗೆ ನೀರಿನ ಬಾಟಲಿ ಕೊಟ್ಟು, ತುಂಬ ಕಾಳಜಿಯಿಂದಲೇ ಕೇಳಿದಳು: “ನೀವು ಯಾರನ್ನ ನೋಡೋಕೆ ಬಂದಿದ್ರಿ?” ಒಳಗೆ ಬಾರದ ಅಳು ನನಗೆ ಆಗ ಬಂತು.

ಕೈಗೆ ಬ್ಯಾಂಡೇಜು ಇದ್ದಾಗಲೇ ತಮ್ಮ ಕಚೇರಿಗೆ ಬಂದೆ. ತಾವಿರಲಿಲ್ಲ. ಗುಮಾಸ್ತರು ಕಡತ ತಿರುವಿ, “ಅಲ್ಲಮ್ಮಾ, ಇದರಲ್ಲಿರೋದೇ ಆರು ಕೋಣೆ. ಇಲ್ಲದ ಕೋಣೇಲಿ ನೀನು ಹೇಗಿದ್ದೆ? ದೂರು ಕೊಡ್ತೀಯಾ, ಕೊಡು. ನಾಳೇನೇ ನಿನ್ನ ಖಾಲಿ ಮಾಡಿಸ್ತಾರೆ. ಪರೀಕ್ಷೆ ಹತ್ರ ಇಟ್ಕೊಂಡು ಎಲ್ಲಿಗೆ ಹೋಗ್ತೀಯಾ?” ಎಂದರು. ಎಂಥ ನ್ಯಾಯ ನೋಡಿ! ಮಾಲೀಕರಿಗೆ ಒಂದು ನೋಟಿಸು, ಸುಟ್ಟುಕೊಂಡವಳಿಗೆ ಬೀದಿ. ದೂರು ಕೊಟ್ಟರೆ ಸೂರು ಹೋಗುತ್ತದೆಂದರೆ ಯಾವ ವಿದ್ಯಾರ್ಥಿ ಬಾಯಿ ಬಿಟ್ಟಾನು? ತಮ್ಮ ಕಡತಗಳು ಇಷ್ಟು ಸ್ವಚ್ಛವಾಗಿರುವುದು ಆ ಮೌನದಿಂದಲ್ಲವೇ?

ದೂರು ಕೊಡದೆ ಮರಳಿದೆ. ಆದರೂ ಸುದ್ದಿ ಮಾಲೀಕರ ಕಿವಿಗೆ ಬಿತ್ತು. ಈ ಭಾನುವಾರದೊಳಗೆ ಖಾಲಿ ಮಾಡು ಎಂದಿದ್ದಾರೆ. ಹಾಲ್‌ಗೆ ಹೊಸ ಬಣ್ಣ ಬಂದಿದೆ. ಆ ಆರು ಜನ ಒಬ್ಬೊಬ್ಬರಾಗಿ ಬೇರೆಡೆ ಹೋದರು, ಅವರ ಕೋಣೆಗಳಿಗೆ ಹೊಸಬರು ಬಂದಿದ್ದಾರೆ. ನನ್ನ ಕೋಣೆ ನೋಡಲು ನಿನ್ನೆ ಒಬ್ಬ ಹುಡುಗಿ ಬಂದಿದ್ದಳು, ಮೊದಲ ವರ್ಷದವಳು. ಬೆಂಕಿ, ಕಿಟಕಿ, ಎಲ್ಲವನ್ನೂ ಹೇಳಿದೆ, ಅಂಗೈ ತೋರಿಸಿದೆ. ಎಲ್ಲ ಕೇಳಿಸಿಕೊಂಡು, “ಈ ಬಾಡಿಗೇಗೆ ಬೇರೆಲ್ಲೂ ಸಿಗ್ತಿಲ್ಲ ಅಕ್ಕ” ಎಂದಳು. ಆ ಮನೆಯಲ್ಲಿ ನನ್ನನ್ನು ಹೀಗೆ ಕರೆದವಳು ಅವಳೊಬ್ಬಳೇ.

ಆದ್ದರಿಂದ ಇದು ವಿನಂತಿಯಲ್ಲ, ಒತ್ತಾಯ. ಫೋನ್ ಮಾಡದೆ ಬನ್ನಿ. ಮುಚ್ಚಿದ ಪ್ರತಿ ಬಾಗಿಲನ್ನೂ ತೆಗೆಸಿ. ಮಂಚವಿರುವ ಕಡೆಯೆಲ್ಲ ಕೂಗುವ ಅಲಾರಂ, ತೆರೆಯುವ ಕಿಟಕಿ ಇರಲೇಬೇಕು. ಇಲ್ಲದಿದ್ದರೆ ಅಲ್ಲಿರುವವರಿಗೆ ಮಾಲೀಕರೇ ಬೇರೆ ಕೋಣೆ ಕೊಡುವಂತೆ ಆದೇಶಿಸಿ, ಮಲಗಿದವರನ್ನು ಬೀದಿಗೆ ತಳ್ಳಬೇಡಿ. ಆ ಹುಡುಗಿ ಸೋಮವಾರ ಬರುತ್ತಾಳೆ. ಅಡುಗೆಮನೆಯ ಹಿಂದೆ ಒಬ್ಬಳು ಮಲಗಿರುತ್ತಾಳೆಂದು, ಮಾಲೀಕರನ್ನು ಬಿಟ್ಟರೆ, ಆ ಮನೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೇ. ನಾನು ಭಾನುವಾರ ಹೊರಡುತ್ತಿದ್ದೇನೆ.

ಇಂತಿ,
ತಮ್ಮ ಲೆಕ್ಕಕ್ಕೆ ಸಿಗದ
ಏಳನೆಯವಳು