ಮೂರೇ ಪದ ಆಡಿದ ಲೇಸಿನಾ

ಗದಗ, ಫೆಬ್ರವರಿ 31, 2319

ಹಿಂದಿನವರಾದ ನಿಮಗೆ ಸಾಷ್ಟಾಂಗ ನಮಸ್ಕಾರ. ತಾರೀಖು ನೋಡಿ ಹುಬ್ಬೇರಿಸಬೇಡಿ. ರಜೆ ಸಾಲದೆಂದು ನಮ್ಮವರು ಫೆಬ್ರವರಿಗೆ ಮೂರು ದಿನ ಸೇರಿಸಿಕೊಂಡಿದ್ದಾರೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮೆಯಿರಲಿ, ನಿಮ್ಮದೂ ನಮಗೆ ಹಾಗೇ ಇದೆ.

ನಾನು ಬಸಲಿಂಗ, ಇಲ್ಲಿನ ಮಾತಿನ ಬೆಳವಣಿಗೆ ಶಾಲೆಯ ಕಿರಿಯ ದಾಖಲೆಗಾರ. ಕನ್ನಡ ಕಲಿಯಲು ಬಂದವರ ಮಾತುಕತೆಯನ್ನು ವರ್ಷಕ್ಕೊಮ್ಮೆ, ಅವರ ಒಪ್ಪಿಗೆ ಪಡೆದೇ, ಕದ್ದು ಕೇಳುವುದು ನನ್ನ ಘನವಾದ ಹುದ್ದೆ. ಕೇಳಿದ್ದನ್ನು ಅಳೆಗಿವಿ ಎಂಬ ಯಂತ್ರ ಅಳೆದು ಅಂಕ ಕೊಡುತ್ತದೆ.

ಲೇಸಿನಾ ಮುಳುಗಿದ ದ್ವೀಪವೊಂದರಿಂದ ಬಂದವಳು, ನಮ್ಮ ದವಾಖಾನೆಯಲ್ಲಿ ದಾದಿ. ಕಲಿಕೆಯ ಮೊದಲ ವರ್ಷ ಗೌರವ್ವ ಎಂಬ ಅಜ್ಜಿ ಮೊಣಕಾಲು ನೋವೆಂದದ್ದಕ್ಕೆ ಈಕೆ ಮೂಳೆಗಳ ಮೇಲೆ ಪಾಠ ಒಪ್ಪಿಸಿದಳು. ನಾನೂರು ಪದ, ಒಂದೂ ತಪ್ಪಿಲ್ಲ. ಅಜ್ಜಿ ಗೋಡೆಯ ಕಡೆ ಹೊರಳಿದರು. ಅಳೆಗಿವಿ ತೊಂಬತ್ತು ಅಂಕ ಕೊಟ್ಟಿತು.

ಏಳನೆಯ ವರ್ಷ, ಅದೇ ಅಜ್ಜಿ, ಅದೇ ಮೊಣಕಾಲು.

"ಗುಳಗಿ ತಗೊಂಡೇನವಾ."

"ಹೂಂ," ಎಂದು ಲೇಸಿನಾ ಸುಮ್ಮನೆ ಕೂತಳು. ಬಹಳ ಹೊತ್ತು ಕೂತಳು.

"ತಗೊಂಡೇನಿ ಅಂದ್ರ, ಒಂದೆರಡು."

"ಉಳದವು ಎಲ್ಲ್ಯದಾವಬೇ?"

"ದಿಂಬಿನ ಬುಡಕ. ನಿನಗಂತ ಹೇಳೇನಿ, ಡಾಕ್ಟರಪ್ಪಗ ತಿಳಸಬ್ಯಾಡ."

ಮೂರು ಪದಕ್ಕೆ ಅಳೆಗಿವಿ 'ತೀವ್ರ ಕುಸಿತ' ಎಂದು ಬರೆಯಿತು. ಕುಸಿದವರು ರೋಗಿಗಳ ಬಳಿ ಕೂರುವಂತಿಲ್ಲ. ಲೇಸಿನಾಳ ಕೆಲಸ ಹೋಗುವುದರಲ್ಲಿತ್ತು.

ತಪ್ಪು ನಿಮ್ಮದು ಎಂದು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ನಿಮ್ಮ ಕಾಲದಿಂದ ಅಳೆಗಿವಿಗೆ ಕಲಿಯಲು ಸಿಕ್ಕಿದ್ದು ಸನ್ಮಾನ ಸಮಾರಂಭದ ಭಾಷಣಗಳು ಮಾತ್ರ. ನಲವತ್ತು ನಿಮಿಷ ಮಾತಾಡಿ, "ಕೊನೆಯದಾಗಿ ಒಂದು ಮಾತು" ಎಂದು ಮತ್ತೆ ಇಪ್ಪತ್ತು ನಿಮಿಷ ಎಳೆಯುವವನೇ ಅದರ ಲೆಕ್ಕದಲ್ಲಿ ಕನ್ನಡ ಬಲ್ಲವನು.

ಆದ್ದರಿಂದ ನಾನೊಂದು ಸಣ್ಣ ಸಂಶೋಧನೆ ಕೈಗೊಂಡೆ. ನಮ್ಮ ಪ್ರಾಚಾರ್ಯ ಹಾಲಪ್ಪನವರು ರೊಟ್ಟಿ ತಿನ್ನುತ್ತ ತಮ್ಮ ಅಕ್ಕನೊಡನೆ ಆಡಿದ ಮಾತನ್ನು, ಅಕ್ಕನ ಒಪ್ಪಿಗೆಯಿಂದ, ಹೊಸ ವಿದ್ಯಾರ್ಥಿಯ ಹೆಸರಲ್ಲಿ ಅಳೆಗಿವಿಗೆ ಕೊಟ್ಟೆ. 'ಅಕ್ಷರಾಭ್ಯಾಸದಿಂದ ಆರಂಭಿಸುವುದು ಒಳಿತು' ಎಂದು ಶಿಫಾರಸು ಬಂತು. ಅಕ್ಕ ಅದನ್ನು ಎಲ್ಲರೆದುರು ಓದಿ, "ನಾ ಹೇಳಿದ್ದಿಲ್ಲೇನೋ ಹಾಲ್ಯಾ, ಮದ್ಲ ಮಾತಾಡೂದು ಕಲಿ ಅಂತ," ಎಂದರು.

ಪ್ರಾಚಾರ್ಯರು ಎರಡು ದಿನ ನನ್ನನ್ನು ಮಾತಾಡಿಸಲಿಲ್ಲ. ಮೂರನೆಯ ದಿನ ಲೇಸಿನಾಳ ಮೇಲಿನ ತೀರ್ಪನ್ನು ಯುಗಾದಿಯವರೆಗೆ ತಡೆಹಿಡಿದರು. ಅಷ್ಟರಲ್ಲಿ ಅಳೆಗಿವಿಗೆ ನಿಜವಾದ ಹರಟೆ ಕೇಳಿಸಬೇಕು. ಮಾದರಿಗೆ ಇನ್ನೂರೈವತ್ತು ವರ್ಷವಾದರೂ ಆಗಿರಬೇಕೆಂದು ನಿಯಮ. ಗೆಲ್ಲುವುದು ನಾವೇ, ಸಂಶಯವಿಲ್ಲ, ನೀವೊಂದಿಷ್ಟು ಕೈಜೋಡಿಸಿದರೆ.

ಮಹನೀಯರೇ, ಭಾಷಣ ಸಾಕು. ಸೊಪ್ಪು ಸೋಸುತ್ತ ನೀವಾಡುವ ಮಾತನ್ನು ಇಂದೇ ಮುದ್ರಿಸಿ ಭದ್ರವಾಗಿಡಿ. ಒಬ್ಬರು ಹೇಳುವುದು, ಇನ್ನೊಬ್ಬರು ಹೂಂಗುಟ್ಟುವುದು, ನಡುವೆ ಇಬ್ಬರೂ ಸುಮ್ಮನಾಗುವುದು, ಎಲ್ಲ ಇರಲಿ. ಸುಮ್ಮನಿದ್ದ ಹೊತ್ತನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ. ಲೇಸಿನಾಗೆ ಅದನ್ನು ಕಲಿಯಲು ಏಳು ವರ್ಷ ಹಿಡಿದಿದೆ.