ಬೆರಳಿನ ಕೆಂಪು ಪಾಲಿಶ್

ಉದ್ದಣ್ಣ,

ಇದನ್ನು ಕಳಿಸುವುದಿಲ್ಲ. ಕಳಿಸಿದರೂ ನೀನು ಒಡೆದು ಓದುವವನಲ್ಲ.

ಇಂದು ಊಟದ ಬಿಡುವಿನಲ್ಲಿ ಸೇತುವೆ ಪಕ್ಕದ ಕುರ್ಚಿ ಕಾರ್ಖಾನೆಗೆ ಕೆಲಸ ಕೇಳಲು ಹೋಗಿದ್ದೆ. ನಮ್ಮ ಮರಗೆಲಸದ ಅಂಗಡಿಯಲ್ಲಿ ನನಗೇನೂ ಕೊರತೆಯಿಲ್ಲ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಬೇರೆ ಕಡೆ ಬೆಲೆಯಿದೆಯೇ ಎಂದು ನೋಡಬೇಕಿತ್ತು, ಅಷ್ಟೆ. ಅಲ್ಲಿ ಪರೀಕ್ಷೆಗೆಂದು ಒಂದು ಕುರ್ಚಿಗೆ ಪಾಲಿಶ್ ಹಚ್ಚಿಸಿದರು. ಬೆರಳುಗಳು ಕೆಂಪಾದವು. ನಮ್ಮಲ್ಲಿ ಕೆಂಪು ಪಾಲಿಶ್ ಇಲ್ಲವೇ ಇಲ್ಲವಲ್ಲ. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ವಾಪಸ್ ಬಂದಾಗ ಮೇಸ್ತ್ರಿ ನಮ್ಮ ಅಂಗಡಿಯ ಬಾಗಿಲಲ್ಲೇ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹೊಸದಾಗಿ ಸೇರಿದ ಹುಡುಗಿ, "ಹಲ್ಲು ಕೀಳಿಸೋಕೆ ಹೋಗಿದ್ದ ಮೇಸ್ತ್ರಿ" ಎಂದಳು.

ಅವರು ನನ್ನ ಕೈ ನೋಡಿದರು. "ಡಾಕ್ಟ್ರು ಪಾಲಿಶ್ ಬೇರೆ ಹಚ್ಚಿದ್ರೇನೋ?"

"ಇಲ್ಲ, ಕೆಲ್ಸ ಕೇಳೋಕೆ ಹೋಗಿದ್ದೆ. ಬಿಟ್ಟು ಹೋಗಲ್ಲ, ಸುಮ್ನೆ ನೋಡ್ಬೇಕು ಅನ್ನಿಸ್ತು."

ಅವರು ನೀನು ಕೆಲಸ ಮಾಡುತ್ತಿದ್ದ ಜಾಗದ ಕಡೆ ನೋಡಿದರು. "ಅವನೂ ಇದನ್ನೇ ಹೇಳಿದ್ದ. ಅವತ್ತು ನಾನು ಕೇಳ್ಲಿಲ್ಲ. ನಡಿ, ಕೆಲ್ಸ ನೋಡು."

ಹೋದ ವರ್ಷ ನೀನೆಲ್ಲಿ ಎಂದು ಅವರು ಕೇಳಿದಾಗ ಆ ಹುಡುಗಿ ನಿಂತಿದ್ದ ಜಾಗದಲ್ಲಿ ನಾನಿದ್ದೆ. ನೀನು ಬೇರೆ ಕಡೆ ಕೆಲಸ ಕೇಳಲು ಹೋಗಿದ್ದೀಯ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಂಜೆಯೊಳಗೆ ನಿನ್ನ ಕೆಲಸ ಹೋಯಿತು.

ನನಗೆ ಅಂದು ಒಂದು ಹಲ್ಲೂ ನೆನಪಾಗಲಿಲ್ಲ, ಉದ್ದಣ್ಣ.